ಬೆಳಕಿನಲ್ಲಿ ಬರೆದು ದ್ರಾವಣದಲ್ಲಿ ಕೊರೆದ ಹಿತ್ತಾಳೆ

2024ರ ಜೂನ್ 23ರಂದು ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಮೇಲೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 'ಪುಷ್ಪಕ್' ಅನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಇಸ್ರೊದ ಆ ಪುಟ್ಟ ರೆಕ್ಕೆವಾಹನ ಪೈಲಟ್ ಇಲ್ಲದೆ ತಾನೇ ದಾರಿ ಹುಡುಕಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿ, ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ನಿಂತಿತು. ಅದಕ್ಕೆ ಮೊದಲು 2023ರ ಏಪ್ರಿಲ್ 2ರಂದು ಮತ್ತು 2024ರ ಮಾರ್ಚ್ 22ರಂದು ಅದೇ ಕಾವಲಿನಲ್ಲಿ ಇಳಿಯುವ ಪರೀಕ್ಷೆಗಳು ನಡೆದಿದ್ದವು. ಮೂರನೆಯ ಬಾರಿ ಇಳಿದದ್ದು ಎರಡನೆಯ ಬಾರಿ ಇಳಿದ ಅದೇ ವಾಹನ. ದನ ಕಾಯುವವರು ತಲೆಮಾರುಗಳಿಂದ ಮೇಯಿಸಿಕೊಂಡು ಬಂದ ಅಮೃತ್ ಮಹಲ್ ಕಾವಲುಗಳ ಹುಲ್ಲುನೆಲ ಈಗ ಬೇಲಿಯ ಒಳಗಿದೆ. ಆ ನೋವು ಈ ಸೀಮೆಯಲ್ಲಿ ಇನ್ನೂ ಹಸಿಯಾಗಿದೆ. ಹಾಗಿದ್ದರೂ ಚಳ್ಳಕೆರೆ, ತಳುಕು, ಬಿ.ಜಿ. ಕೆರೆ, ಮೊಳಕಾಲ್ಮುರಿನ ಶಾಲೆಗಳ ಹುಡುಗ ಹುಡುಗಿಯರಿಗೆ ವಿಮಾನವೆಂದರೆ ಈಗ ದೂರದ ಬೆಂಗಳೂರಿನ ವಸ್ತುವಲ್ಲ.

ಆ ಮಕ್ಕಳಲ್ಲಿ ಒಬ್ಬರು ಪುಷ್ಪಕ್‌ನ ಮಾದರಿ ಮಾಡಲು ಹೊರಟರು ಎನ್ನೋಣ. ಬೆಂಡು, ಥರ್ಮೋಕೋಲ್ ಬೇಡ, ಅಳತೆಗೆ ಸರಿಯಾದ ಮಾದರಿಯೇ ಬೇಕು. ನಿಜವಾದ ಪುಷ್ಪಕ್‌ನ ಉದ್ದ ಆರೂವರೆ ಮೀಟರ್. ಜಗತ್ತಿನ ವಿಮಾನ ಮಾದರಿಗಾರರು ಹೆಚ್ಚಾಗಿ ಬಳಸುವ 1:72 ಪ್ರಮಾಣಕ್ಕೆ ಇಳಿಸಿದರೆ ಅದು ಒಂಬತ್ತು ಸೆಂಟಿಮೀಟರ್, ಅಂಗೈಯಲ್ಲಿ ಕೂರುವ ಗಾತ್ರ. ಮೈಯನ್ನು ಮೆದು ಮರದಲ್ಲಿ ಕೆತ್ತಬಹುದು, ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಬಹುದು, ತ್ರೀಡಿ ಪ್ರಿಂಟರ್ ಸಿಕ್ಕರೆ ಅಚ್ಚು ತೆಗೆಯಬಹುದು. ತೊಡಕು ಶುರುವಾಗುವುದು ಗಾಲಿಯ ಗೂಡಿನ ಬಾಗಿಲಿನಲ್ಲಿ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತುಂಡನ್ನು ಅಲ್ಲಿ ಬಾಗಿಲೆಂದು ಅಂಟಿಸಿದರೆ, ಅಳತೆಯ ಲೆಕ್ಕದಲ್ಲಿ ಅದು ಏಳು ಸೆಂಟಿಮೀಟರ್ ದಪ್ಪದ ಬಾಗಿಲು. ಹಾರುವ ಯಂತ್ರಕ್ಕೆ ಅಂಥ ಬಾಗಿಲನ್ನು ಯಾರೂ ಹಾಕುವುದಿಲ್ಲ. ಪೈಲಟ್ ಕೂರುವ ವಿಮಾನವನ್ನು, ಉದಾಹರಣೆಗೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿ 1961ರ ಜೂನ್ 17ರಂದು ಮೊದಲು ಹಾರಿಸಿದ 'ಮಾರುತ್' ಅನ್ನು ಮಾಡಹೊರಟರೆ ಇನ್ನೂ ಕಷ್ಟ. ಅದರ ಸೀಟಿನ ಬೆಲ್ಟು 1:72ರಲ್ಲಿ ಒಂದು ಮಿಲಿಮೀಟರ್ ಅಗಲವೂ ಇರುವುದಿಲ್ಲ, ಬಕಲಿಗೆ ನಡುವೆ ತೂತು ಬೇರೆ ಬೇಕು. ಕತ್ತರಿ, ಗರಗಸ, ಅರ ಯಾವುದೂ ಅಲ್ಲಿಗೆ ಇಳಿಯುವುದಿಲ್ಲ.

ಈ ತೊಡಕಿಗೆ ಮಾದರಿಗಾರರು ಕಂಡುಕೊಂಡ ಪರಿಹಾರವೇ ಫೋಟೊ ಎಚಿಂಗ್. ತೆಳು ಹಿತ್ತಾಳೆ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕ ದ್ರಾವಣಕ್ಕೆ ತಿನ್ನಿಸಿ, ಬೇಕಾದ ಭಾಗವನ್ನು ಉಳಿಸಿಕೊಳ್ಳುವ ಕೆಲಸ ಇದು. 1989ರಲ್ಲಿ ಹುಟ್ಟಿದ ಜೆಕ್ ದೇಶದ 'ಎಡುವಾರ್ಡ್' ಕಂಪನಿ ಇಂಥ ಎಚಿಂಗ್ ಬಿಡಿಭಾಗಗಳಿಂದಲೇ ಹೆಸರು ಮಾಡಿತು. ಬ್ರಿಟನ್ನಿನ ರೈಲು ಮಾದರಿಗಾರರು ಇಡೀ ಎಂಜಿನ್ನುಗಳನ್ನೇ ಎಚಿಂಗ್ ಹಿತ್ತಾಳೆಯ ಹಾಳೆಗಳಿಂದ ಮಡಚಿ, ಬೆಸುಗೆ ಹಾಕಿ ಕಟ್ಟುತ್ತಾರೆ. ಪುಷ್ಪಕ್‌ಗೆ ಬೇಕಾದ ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದರೆ ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಬರುತ್ತದೆ, ಬಿ.ಜಿ. ಕೆರೆಯಂಥ ಊರಿನಲ್ಲೂ ಬರುತ್ತದೆ. ಆದರೆ ಈ ಸೀಮೆಯಲ್ಲಿ ಮಾಡುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಕೊನೆಯ ಹಂತವನ್ನು. ಅದೇನೆಂದು ಮುಂದೆ ಹೇಳುತ್ತೇನೆ.

ಕನ್ನಡ ಓದುಗರಿಗೆ ಈ ವಿದ್ಯೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಆಫ್‌ಸೆಟ್ ಮುದ್ರಣ ಬರುವ ತನಕ ನಮ್ಮ ಪತ್ರಿಕೆಗಳಲ್ಲಿ ಅಚ್ಚಾದ ಫೋಟೊಗಳೆಲ್ಲ 'ಬ್ಲಾಕ್'ಗಳಿಂದ ಬಂದವು. ಬ್ಲಾಕ್ ಎಂದರೆ ಫೋಟೊ ಎಚಿಂಗ್ ಮಾಡಿದ ಸತುವಿನ ಅಥವಾ ತಾಮ್ರದ ತಗಡು. ಬೆಳಕಿಗೆ ಗಟ್ಟಿಯಾಗುವ ಲೇಪವನ್ನು ತಗಡಿಗೆ ಬಳಿದು, ನೆಗೆಟಿವ್ ಮೂಲಕ ಬೆಳಕು ಬಿಟ್ಟು, ಗಟ್ಟಿಯಾಗದ ಭಾಗವನ್ನು ತೊಳೆದು, ಸತುವಾದರೆ ನೈಟ್ರಿಕ್ ಆಮ್ಲದ ತೊಟ್ಟಿಗೆ ಇಳಿಸುತ್ತಿದ್ದರು. ಬೂದು ಛಾಯೆಗಳನ್ನು ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನದಲ್ಲಿ ಜಗತ್ತೇ ಗಮನಿಸಿದ ಪ್ರಯೋಗಗಳನ್ನು ನಡೆಸಿದವರಲ್ಲಿ ಕಲ್ಕತ್ತೆಯ ಉಪೇಂದ್ರಕಿಶೋರ್ ರೇ ಚೌಧುರಿ ಒಬ್ಬರು. ಅವರು ಸತ್ಯಜಿತ್ ರೇ ಅವರ ಅಜ್ಜ. ಇನ್ನೂ ಹಿಂದೆ ಹೋದರೆ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಬೆಳಕಿಗೆ ಗಟ್ಟಿಯಾಗುವ ಒಂದು ಬಗೆಯ ಡಾಂಬರನ್ನು ಲೋಹದ ತಗಡಿಗೆ ಬಳಿದು ಚಿತ್ರ ಹಿಡಿದಿದ್ದ. ಮುಂದೆ ಅದೇ ತತ್ವ ಕಂಪ್ಯೂಟರ್ ಚಿಪ್ಪಿನ ತನಕ ಬೆಳೆಯಿತು. ಬೀದರಿನ ಬಿದ್ರಿ ಕೆಲಸವೂ ದೂರದ ನೆಂಟನೇ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ ಸತುವಿನ ಮೈಯನ್ನು ಕಪ್ಪಾಗಿಸುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿಯನ್ನು ಬಿಟ್ಟುಬಿಡುತ್ತದೆ. ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಮಾಡಬಾರದು ಎಂದು ರಾಸಾಯನಿಕಕ್ಕೆ ಮೊದಲೇ ಹೇಳಿಡುವುದು ಈ ಎಲ್ಲ ವಿದ್ಯೆಗಳ ಒಳಗುಟ್ಟು.

ಹೇಳಿಡುವ ಆ ಕೆಲಸ ನಡೆಯುವುದು ಚಿತ್ರದಲ್ಲಿ. ಫೋಟೊ ಎಚಿಂಗ್ ಎಂದರೆ ಆಸಿಡ್ಡಿನ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದರ ಮುಕ್ಕಾಲು ಪಾಲು ಬರೆಯುವ ಕೆಲಸ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಕಾರ್ಡ್ ಮಗ್ಗದಲ್ಲಿ ಸೆರಗಿನ ಹೂವು ಹೇಗೆ ಬರಬೇಕೆಂಬುದು ಗ್ರಾಫ್ ಹಾಳೆಯಲ್ಲಿ, ಅದರಿಂದ ತೂತು ಹೊಡೆದ ರಟ್ಟುಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಎಷ್ಟು ನುರಿತ ನೇಕಾರರೂ ಹೂವನ್ನು ಸರಿ ಮಾಡಲಾರರು. ಇಲ್ಲೂ ಹಾಗೆಯೇ. ದ್ರಾವಣ ನಮ್ಮ ಚಿತ್ರದ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕೊರೆಯುತ್ತದೆ.

ಚಿತ್ರಕ್ಕೆ 'ಇಂಕ್‌ಸ್ಕೇಪ್' ಎಂಬ ಉಚಿತ ತಂತ್ರಾಂಶ ಸಾಕು. ತಗಡಿನ ಎರಡು ಮುಖಕ್ಕೆ ಎರಡು ಚಿತ್ರ ಬರೆಯಬೇಕು. ಎರಡೂ ಮುಖದಲ್ಲಿ ಕಪ್ಪಾದ ಜಾಗದಲ್ಲಿ ದ್ರಾವಣ ಎರಡು ಕಡೆಯಿಂದ ತಿಂದು ನಡುವೆ ಸೇರುತ್ತದೆ, ತಗಡು ತೂತಾಗುತ್ತದೆ. ಒಂದೇ ಮುಖದಲ್ಲಿ ಕಪ್ಪಾದ ಜಾಗದಲ್ಲಿ ಅರ್ಧ ಆಳ ಮಾತ್ರ ತಿನ್ನುತ್ತದೆ. ಈ ಅರ್ಧ ಕೊರೆತ ಈ ವಿದ್ಯೆಯ ಅತಿ ದೊಡ್ಡ ಸಂಪತ್ತು. ಮಡಿಕೆ ಬರಬೇಕಾದ ಕಡೆ ಒಂದು ಅರ್ಧ ಕೊರೆತದ ಗೆರೆ ಎಳೆದರೆ ತಗಡು ಅಲ್ಲೇ, ಕೂದಲೆಳೆಯಷ್ಟೂ ಆಚೀಚೆ ಆಗದೆ ಮಡಚಿಕೊಳ್ಳುತ್ತದೆ. ಗೆರೆ ಮಡಿಕೆಯ ಒಳಮಗ್ಗುಲಿಗೆ ಬರಬೇಕು, ಅದರ ಅಗಲ ತಗಡಿನ ದಪ್ಪದಷ್ಟು ಅಥವಾ ತುಸು ಹೆಚ್ಚು ಇರಬೇಕು. ಬಾಗಿಲಿನ ಮೇಲಿನ ಉಬ್ಬುಪಟ್ಟಿ, ತಗಡುಗಳ ಜೋಡಣೆಯ ಗೆರೆ, ರಿವೆಟ್ಟಿನ ಗುರುತು ಎಲ್ಲವೂ ಅರ್ಧ ಕೊರೆತದಲ್ಲೇ ಮೂಡುತ್ತವೆ.

ದ್ರಾವಣ ಆಳಕ್ಕೆ ಇಳಿಯುವಾಗ ಪಕ್ಕಕ್ಕೂ ತಿನ್ನುತ್ತದೆ, ಲೇಪದ ಅಡಿಗೂ ನುಗ್ಗುತ್ತದೆ. ಬ್ಲಾಕ್ ಮಾಡುತ್ತಿದ್ದವರ ದೊಡ್ಡ ಶತ್ರು ಇದೇ. ಅವರು ತಗಡನ್ನು ಸ್ವಲ್ಪ ತಿನ್ನಿಸಿ ಹೊರತೆಗೆದು, ಗೆರೆಗಳ ಅಂಚಿಗೆ ಕೆಂಪು ರಾಳದ ಪುಡಿಯನ್ನು ನಾಲ್ಕು ದಿಕ್ಕಿನಿಂದಲೂ ಕುಂಚದಲ್ಲಿ ಸವರಿ, ಕಾಯಿಸಿ ಕರಗಿಸಿ, ಮತ್ತೆ ಆಮ್ಲಕ್ಕೆ ಇಳಿಸುತ್ತಿದ್ದರು. ಹೀಗೆ ಹಲವು ಸುತ್ತು ನಡೆಯುತ್ತಿತ್ತು. ನಮ್ಮದು ತೆಳು ತಗಡು, ಅಷ್ಟು ಪಾಡು ಬೇಕಿಲ್ಲ. ಆದರೆ ಚಿತ್ರದಲ್ಲೇ ಅದಕ್ಕೆ ಲೆಕ್ಕ ಇಡಬೇಕು. 0.2 ಮಿಲಿಮೀಟರ್ ತಗಡನ್ನು ಎರಡೂ ಕಡೆಯಿಂದ ಕೊರೆದರೆ ಒಂದೊಂದು ಮುಖದಿಂದ 0.1 ಮಿಲಿಮೀಟರ್ ಇಳಿಯಬೇಕು. ಅಷ್ಟರಲ್ಲಿ ಪಕ್ಕಕ್ಕೆ ಸುಮಾರು ಅದರ ಅರ್ಧ, ಎಂದರೆ 0.05 ಮಿಲಿಮೀಟರ್ ತಿಂದಿರುತ್ತದೆ. ಹಾಗಾಗಿ ಒಂದು ಮಿಲಿಮೀಟರ್ ತೂತು ಬೇಕಾದರೆ 0.9 ಮಿಲಿಮೀಟರ್ ಎಂದು ಬರೆಯಬೇಕು, ಅರ್ಧ ಮಿಲಿಮೀಟರ್ ಪಟ್ಟಿ ಬೇಕಾದರೆ 0.6 ಎಂದು. ಈ ಅಂದಾಜು ದ್ರಾವಣದ ಬಿಸಿ, ಹಳತನ, ಕದಡುವಿಕೆಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೆ ಮೊದಲ ತಗಡಿನ ಮೂಲೆಯಲ್ಲಿ ಬೇರೆ ಬೇರೆ ಅಗಲದ ಗೆರೆ, ತೂತುಗಳ ಪರೀಕ್ಷಾ ಸಾಲು ಬರೆದಿಟ್ಟು ಅಳೆದು ನೋಡುವುದು ಒಳ್ಳೆಯದು. ತಗಡಿನ ದಪ್ಪಕ್ಕಿಂತ ಸಣ್ಣ ತೂತಿನ ಆಸೆ ಬೇಡ, ದಪ್ಪಕ್ಕಿಂತ ಸಪೂರ ಪಟ್ಟಿಯ ಆಸೆಯೂ ಬೇಡ.

ಬಿಡಿಭಾಗಗಳು ದ್ರಾವಣದಲ್ಲಿ ಉದುರಿ ಹೋಗದಂತೆ ಒಂದು ಚೌಕಟ್ಟಿಗೆ ಸಣ್ಣ ಸೇತುವೆಗಳಿಂದ ಸೇರಿಸಿರಬೇಕು. ಚೌಕಟ್ಟಿನ ಅಂಚಿನಲ್ಲಿ ಭಾಗಗಳ ಸಂಖ್ಯೆ, ಪ್ರಮಾಣ, ಮಾಡಿದವರ ಹೆಸರು ಬರೆಯುವುದು ವಾಡಿಕೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ಅದರ ನೆರೆಯ ಅಶೋಕನ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಆ ತಾಲ್ಲೂಕಿನವರು ತಮ್ಮ ತಗಡಿಗೆ ಹೆಸರು ಹಾಕಲು ಹಿಂಜರಿಯಬೇಕಾಗಿಲ್ಲ. ಕನ್ನಡದಲ್ಲಿ ಬರೆಯುವುದಾದರೆ ಒಂದು ಎಚ್ಚರ. ನಮ್ಮ ಲಿಪಿಯ ತುಂಬ ಮುಚ್ಚಿದ ಸುರುಳಿಗಳು. 'ರ', 'ಠ', ಸೊನ್ನೆ ಇವನ್ನು ಪೂರ್ತಿ ಆಳಕ್ಕೆ ಕೊರೆದರೆ ಹೊಟ್ಟೆಯ ಭಾಗ ಕಳಚಿ ಬಿದ್ದುಹೋಗುತ್ತದೆ. ಅಕ್ಷರಗಳನ್ನು ಯಾವಾಗಲೂ ಅರ್ಧ ಕೊರೆತದಲ್ಲೇ ಬರೆಯಬೇಕು, ಒತ್ತಕ್ಷರಗಳು ಕೂಡಿಕೊಳ್ಳದಷ್ಟು ದೊಡ್ಡದಾಗಿ ಬರೆಯಬೇಕು.

ಇನ್ನು ಸಾಮಗ್ರಿ. ಹಿತ್ತಾಳೆ ಶಿಮ್ ತಗಡು 0.1ರಿಂದ 0.3 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ. ಯಂತ್ರಗಳ ಸಂದು ತುಂಬಲು ಮೆಕ್ಯಾನಿಕ್‌ಗಳು ಬಳಸುವುದು ಇದನ್ನೇ. ಪೂಜೆ ಸಾಮಾನಿನ ಅಂಗಡಿಯವರು ಜರ್ಮನ್ ಸಿಲ್ವರ್ ಎನ್ನುವ, ಬೆಳ್ಳಿಯೇ ಇಲ್ಲದ ತಾಮ್ರ–ಸತು–ನಿಕ್ಕಲ್ ಮಿಶ್ರಲೋಹವನ್ನೂ ಚೆನ್ನಾಗಿ ಕೊರೆಯಬಹುದು. ಅಲ್ಯೂಮಿನಿಯಂ ಮಾತ್ರ ಬೇಡವೇ ಬೇಡ. ಕೊರೆಯಲು ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣ ಮುಟ್ಟಿದರೆ ಅದು ಕುದಿದು ಉಕ್ಕುತ್ತದೆ. ಬೆಳಕಿನ ಲೇಪಕ್ಕೆ 'ಡ್ರೈ ಫಿಲ್ಮ್' ಎಂಬ ನೀಲಿ ಹಾಳೆ ಇದೆ. ಪಿಸಿಬಿ, ಎಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟಿನ ಹಲಗೆ ಮಾಡುವ ಇಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದೂ, ಫೆರಿಕ್ ಕ್ಲೋರೈಡೂ ಪರಿಚಿತ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಬಹುದು, ಆನ್‌ಲೈನ್‌ನಲ್ಲೂ ತರಿಸಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಫಿಲ್ಮನ್ನು ಕಪ್ಪು ಕವರಿನಲ್ಲಿ ಸುತ್ತಿ ಮನೆಯ ಅತಿ ತಂಪಾದ ಜಾಗದಲ್ಲಿ ಇಡದಿದ್ದರೆ ಕೆಲಸಕ್ಕೆ ಬಾರದೆ ಹೋಗುತ್ತದೆ.

ತಗಡನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಪಾತ್ರೆ ಸೋಪಿನಿಂದ ತೊಳೆಯಬೇಕು. ನೀರು ಹನಿಹನಿಯಾಗಿ ಒಡೆಯದೆ ಒಂದೇ ಪದರವಾಗಿ ತಗಡಿನ ಮೇಲೆ ನಿಂತರೆ ಎಣ್ಣೆಯ ಅಂಶ ಹೋಗಿದೆ ಎಂದು ಅರ್ಥ. ಆಮೇಲೆ ಬರಿಗೈ ತಾಗಿಸಬಾರದು. ಕಿಟಕಿ ಮುಚ್ಚಿ, ಹಳದಿ ಬಲ್ಬಿನ ಬೆಳಕಿನಲ್ಲಿ ಫಿಲ್ಮಿನ ಒಳಗಿನ ತೆಳು ಪೊರೆ ಸುಲಿದು, ಗಾಳಿಗುಳ್ಳೆ ಬಾರದಂತೆ ಎರಡೂ ಮುಖಕ್ಕೆ ಅಂಟಿಸಿ ಬಿಸಿ ಲ್ಯಾಮಿನೇಟರಿನಲ್ಲಿ ಹಾಯಿಸಬೇಕು. ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ ಯಂತ್ರದಂಥದ್ದೇ ಸಾಕು. ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ಪಾರದರ್ಶಕ ಹಾಳೆಗೆ ಮುದ್ರಿಸಿ, ಕಪ್ಪು ಸಾಲದಾದರೆ ಒಂದರ ಮೇಲೊಂದು ಎರಡು ಹಾಳೆ ಕೂಡಿಸಬಹುದು. ಮುದ್ರಿಸಿದ ಮುಖವೇ ಫಿಲ್ಮಿಗೆ ತಾಗಬೇಕು, ಇಲ್ಲದಿದ್ದರೆ ಹಾಳೆಯ ದಪ್ಪದಲ್ಲಿ ಬೆಳಕು ನುಸುಳಿ ಗೆರೆ ಮಬ್ಬಾಗುತ್ತದೆ. ಎದುರು–ಬೆನ್ನಿನ ಹಾಳೆಗಳನ್ನು ಬೆಳಕಿಗೆ ಹಿಡಿದು ಮೂಲೆಯ ಗುರುತುಗಳನ್ನು ಹೊಂದಿಸಿ, ಎರಡು ಬದಿಗೆ ಟೇಪ್ ಹಾಕಿ ಲಕೋಟೆಯಂತೆ ಮಾಡಿಕೊಂಡು ಒಳಗೆ ತಗಡನ್ನು ತೂರಿಸುವುದು ಹಳೆಯ, ನಂಬಬಹುದಾದ ಉಪಾಯ.

ಬೆಳಕಿನ ವಿಷಯದಲ್ಲಿ ಬಿ.ಜಿ. ಕೆರೆ ಶ್ರೀಮಂತ ಊರು. ಫಿಲ್ಮನ್ನು ಗಟ್ಟಿ ಮಾಡುವುದು ಅತಿನೇರಳೆ ಕಿರಣ. ಅದಕ್ಕೆಂದೇ ಎಲ್‌ಇಡಿ ದೀಪಗಳು ಸಿಗುತ್ತವೆ, ಉಗುರುಬಣ್ಣ ಒಣಗಿಸುವ ಯುವಿ ದೀಪವೂ ಆಗುತ್ತದೆ. ಕರೆಂಟು ಹೋದರೆ ಮಧ್ಯಾಹ್ನದ ಬಿಸಿಲಿದೆ. ಎರಡು ಗಾಜಿನ ನಡುವೆ ಲಕೋಟೆಯನ್ನು ಒತ್ತಿ ಹಿಡಿದು ಬಿಸಿಲಿಗೆ ತೋರಿಸಿದರೆ ಕೆಲವು ಸೆಕೆಂಡುಗಳಲ್ಲೇ ಕೆಲಸ ಮುಗಿಯುತ್ತದೆ. ಎಷ್ಟು ಸೆಕೆಂಡು ಎಂಬುದನ್ನು ಒಂದು ತುಂಡು ತಗಡಿನ ಮೇಲೆ ಐದೈದು ಸೆಕೆಂಡಿಗೆ ಮರೆ ಸರಿಸುತ್ತಾ ಪರೀಕ್ಷಿಸಿ ಗೊತ್ತುಮಾಡಿಕೊಳ್ಳಬೇಕು. ಬೆಳಕು ಬಿದ್ದ ಕಡೆ ಫಿಲ್ಮ್ ಕಡುನೀಲಿಯಾಗುತ್ತದೆ. ಮೇಲಿನ ಪೊರೆ ಸುಲಿದು, ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ವಾಷಿಂಗ್ ಸೋಡಾ ಬೆರೆಸಿದ ದ್ರಾವಣದಲ್ಲಿ ಮೆದು ಬ್ರಷ್ಷಿನಿಂದ ಸವರಿದರೆ ಗಟ್ಟಿಯಾಗದ ಭಾಗ ಒಂದೆರಡು ನಿಮಿಷದಲ್ಲಿ ಕರಗಿ ಹೊಳೆಯುವ ಹಿತ್ತಾಳೆ ಕಾಣುತ್ತದೆ. ಅಡುಗೆ ಸೋಡಾ ಇದಕ್ಕೆ ಆಗುವುದಿಲ್ಲ. ಈ ಹಂತದಲ್ಲಿ ಭೂತಗನ್ನಡಿ ಹಿಡಿದು ನೋಡಿ. ಚಿತ್ರದಲ್ಲಿ ದೋಷ ಕಂಡರೆ ಎಲ್ಲವನ್ನೂ ತೊಳೆದು ಮತ್ತೆ ಶುರುಮಾಡಬಹುದು, ನಷ್ಟ ಒಂದು ತುಂಡು ಫಿಲ್ಮ್ ಮಾತ್ರ. ಇಲ್ಲಿ ತೋರುವ ತಾಳ್ಮೆಯಷ್ಟು ಫಲ ಕೊಡುವುದು ಈ ಕೆಲಸದಲ್ಲಿ ಬೇರೆ ಇಲ್ಲ.

ಕೊರೆಯುವುದಕ್ಕೆ ಫೆರಿಕ್ ಕ್ಲೋರೈಡ್. ಇದು ಆಮ್ಲದಂತೆ ಹೊಗೆಯಾಡುವುದಿಲ್ಲ. ಇದರಲ್ಲಿರುವ ಕಬ್ಬಿಣದ ಅಯಾನುಗಳು ತಾಮ್ರದಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತವೆ, ತಾಮ್ರ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಒಂದು ತಾಮ್ರದ ಪರಮಾಣುವಿಗೆ ಎರಡು ಕಬ್ಬಿಣದ ಅಯಾನು ಬೇಕು. ಹೈಸ್ಕೂಲಿನ ವಿಜ್ಞಾನ ಪುಸ್ತಕದ ಅಪಕರ್ಷಣ–ಉತ್ಕರ್ಷಣದ ಪಾಠವೇ ಕಣ್ಣೆದುರು ನಡೆಯುತ್ತದೆ. ದ್ರಾವಣ ನಲವತ್ತು ಡಿಗ್ರಿಯಷ್ಟು ಬೆಚ್ಚಗಿದ್ದರೆ ಚುರುಕು. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಹೊರಗಿಟ್ಟರೆ ಹೀಟರೇ ಬೇಡ. ತಗಡನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೆಟ್ಟಗೆ ತೂಗುಹಾಕಿ, ಅಕ್ವೇರಿಯಂ ಪಂಪಿನಿಂದ ಅಡಿಯಲ್ಲಿ ಗಾಳಿಗುಳ್ಳೆ ಬಿಟ್ಟರೆ ದ್ರಾವಣ ಎರಡೂ ಮುಖವನ್ನು ಸಮವಾಗಿ ತಿನ್ನುತ್ತದೆ. ಆಗಾಗ ಎತ್ತಿ, ತಿರುಗಿಸಿ, ನೋಡುತ್ತಿರಬೇಕು. 0.2 ಮಿಲಿಮೀಟರ್ ತಗಡಿಗೆ ಹೊಸ ದ್ರಾವಣದಲ್ಲಿ ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯುತ್ತದೆ. ಎಲ್ಲ ಕಿಂಡಿಗಳಲ್ಲೂ ಬೆಳಕು ಕಂಡ ಕೂಡಲೇ ಹೊರಗೆ ತೆಗೆದು ತೊಳೆಯಬೇಕು. ಒಂದು ನಿಮಿಷ ಹೆಚ್ಚು ಬಿಟ್ಟರೂ ಸಪೂರ ಪಟ್ಟಿಗಳು ಇನ್ನಷ್ಟು ಸವೆದಿರುತ್ತವೆ.

ಕನ್ನಡಕ, ನೈಟ್ರೈಲ್ ಕೈಗವಸು, ಹಳೆಯ ಬಟ್ಟೆ ಇಲ್ಲದೆ ತೊಟ್ಟಿಯ ಹತ್ತಿರ ಹೋಗಬಾರದು. ಸ್ಟೀಲ್ ಪಾತ್ರೆ, ಸ್ಟೀಲ್ ಸಿಂಕ್ ಎರಡನ್ನೂ ಇದು ತಿನ್ನುತ್ತದೆ. ಗಟ್ಟಿ ರೂಪದ ಫೆರಿಕ್ ಕ್ಲೋರೈಡನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಈ ದ್ರಾವಣವನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಕೋಲಾದ ಬಣ್ಣಕ್ಕೂ ಇದರ ಬಣ್ಣಕ್ಕೂ ಮಗುವಿನ ಕಣ್ಣಿಗೆ ಭೇದವಿಲ್ಲ. ದಪ್ಪ ಪ್ಲಾಸ್ಟಿಕ್ ಕ್ಯಾನು, ಕನ್ನಡದಲ್ಲಿ ಬರೆದ ಚೀಟಿ, ಬೀಗ ಹಾಕಿದ ಕಪಾಟು ಇರಲಿ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಬೇಗ ಕೊರೆಯುವ ವಿಧಾನವೂ ಇದೆ. ಅದರಿಂದ ಏಳುವ ಹೊಗೆ ಮನೆಯೊಳಗೆ ಸಲ್ಲುವಂಥದ್ದಲ್ಲ.

ಮೊದಲೇ ಕಲಿಯಬೇಕು ಎಂದು ಹೇಳಿದ ಕೊನೆಯ ಹಂತಕ್ಕೆ ಈಗ ಬರೋಣ. ಕೊರೆದು ಮುಗಿದ ಮೇಲೆ ಉಳಿಯುವ ಹಸಿರು ಮಿಶ್ರಿತ ಕಂದು ದ್ರಾವಣ ಏನಾಗಬೇಕು?

ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, 0.2 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನ ತೂಕ ಸುಮಾರು 17 ಗ್ರಾಂ. ಅದರಲ್ಲಿ ಅರ್ಧ ಕರಗಿತು ಎಂದಿಟ್ಟುಕೊಳ್ಳಿ. ಹಿತ್ತಾಳೆಯಲ್ಲಿ ತಾಮ್ರ ಮೂರನೆಯ ಎರಡು ಪಾಲಿಗೆ ತುಸು ಕಡಿಮೆ, ಎಂದರೆ ಐದು ಗ್ರಾಮಿಗೂ ಹೆಚ್ಚು ತಾಮ್ರ ದ್ರಾವಣದಲ್ಲಿ ಸೇರಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಬೇರೆ ನೀರೇ ಇಲ್ಲದಿದ್ದಾಗ ಸಹಿಸಬಹುದಾದ ತಾಮ್ರದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಐದೂ ಚಿಲ್ಲರೆ ಗ್ರಾಂ ತಾಮ್ರ ಮೂರೂವರೆ ಸಾವಿರ ಲೀಟರ್ ನೀರನ್ನು ಆ ಅಂಚಿಗೆ ತಂದು ನಿಲ್ಲಿಸಬಲ್ಲದು. ಸಾಮಾನ್ಯವಾಗಿ ಇರಬೇಕಾದ 0.05 ಮಿಲಿಗ್ರಾಂ ಮಿತಿಯನ್ನು ಹಿಡಿದರೆ ಒಂದು ಲಕ್ಷ ಲೀಟರ್. ಅಂಗೈ ಅಗಲದ ಒಂದು ತಗಡಿನ ಲೆಕ್ಕ ಇದು.

ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳು. ಇಲ್ಲಿ ಕೆರೆ ತುಂಬುವುದೇ ಒಂದು ಹಬ್ಬ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಿವೆ, ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವುದು ದಿನದ ಕೆಲಸ. ಇಂಥ ನೆಲದ ಬಚ್ಚಲಿಗೋ ಹಿತ್ತಲಿಗೋ ಈ ದ್ರಾವಣವನ್ನು ಚೆಲ್ಲುವ ಹಕ್ಕು ಯಾವ ಹವ್ಯಾಸಕ್ಕೂ ಇಲ್ಲ. ತಾಮ್ರ ಮಣ್ಣಿನಲ್ಲಿ ಕೊಳೆತು ಮಾಯವಾಗುವ ವಸ್ತುವಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ನೀರಿನ ಮೀನು, ಪಾಚಿಗೂ ಅದು ಸಣ್ಣ ಪ್ರಮಾಣದಲ್ಲೇ ಕೇಡು. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ನೆಲದ ಆಳದಿಂದ ತಾಮ್ರದ ಅದಿರನ್ನು ಮೇಲೆತ್ತುತ್ತಿತ್ತು. ಅಷ್ಟು ಕಷ್ಟಪಟ್ಟು ತೆಗೆಯುವ ಲೋಹವನ್ನು ವಿಷವಾಗಿಸಿ ಮತ್ತೆ ನೆಲಕ್ಕೆ ಬಿಡುವುದು ಎರಡು ಪಟ್ಟು ನಷ್ಟ.

ಮಾಡಬೇಕಾದದ್ದು ಕಷ್ಟವೇನಲ್ಲ, ಬೇಸರ ತರಿಸುವಂಥದ್ದು. ಮೊದಲನೆಯದಾಗಿ, ದ್ರಾವಣವನ್ನು ಬೇಗ ಎಸೆಯುವುದೇ ಬೇಡ. ಒಂದು ಲೀಟರ್ ಗಟ್ಟಿ ದ್ರಾವಣ ಇಂಥ ಹಲವು ತಗಡುಗಳಿಗೆ ಬರುತ್ತದೆ, ನಿಧಾನವಾಗುತ್ತದೆ ಅಷ್ಟೆ. ಪೂರ್ತಿ ಸತ್ತ ಮೇಲೆ ಗಾಳಿಯಾಡುವ ಕಡೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ತುಕ್ಕಿಲ್ಲದ ಕಬ್ಬಿಣದ ಮೊಳೆಗಳನ್ನು ಹಾಕಿ ಒಂದೆರಡು ದಿನ ಬಿಟ್ಟರೆ ಕರಗಿದ ತಾಮ್ರ ಕೆಂಪು ಕೆಸರಾಗಿ ಕಬ್ಬಿಣದ ಮೇಲೆ ಕೂರುತ್ತದೆ. ಆಮೇಲೆ ನೊರೆ ಉಕ್ಕದಂತೆ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಹಾಕುತ್ತಾ, ಪಿಎಚ್ ಕಾಗದ ಏಳು–ಎಂಟನ್ನು ತೋರಿಸುವ ತನಕ ಕಲಕಬೇಕು. ಕಬ್ಬಿಣವೂ ಉಳಿದ ತಾಮ್ರ, ಸತುವೂ ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಆ ಕೆಸರನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಮುಚ್ಚಳದ ಡಬ್ಬದಲ್ಲಿ ಹೆಸರು ಬರೆದು ಇಡಬೇಕು. ಮೇಲಿನ ತಿಳಿಯಲ್ಲೂ ಲೋಹದ ಅಂಶ ಉಳಿದಿರಬಹುದು. ಅದನ್ನು ಬೆಳೆಗೆ, ಬಾವಿಗೆ ಬಿಡದೆ ಅಗಲ ಟ್ರೇಯಲ್ಲಿ ಬಿಸಿಲಿಗಿಟ್ಟು ಆವಿ ಮಾಡಿ ಉಪ್ಪನ್ನು ಅದೇ ಡಬ್ಬಕ್ಕೆ ಸೇರಿಸಬಹುದು. ನಮ್ಮ ಬಿಸಿಲು ಅದನ್ನೂ ಮಾಡಿಕೊಡುತ್ತದೆ. ಫಿಲ್ಮ್ ತೊಳೆದ ಸೋಡಾ ನೀರನ್ನೂ, ಕೊನೆಗೆ ಫಿಲ್ಮ್ ಸುಲಿಯಲು ಬಳಸುವ ಕಾಸ್ಟಿಕ್ ಸೋಡಾ ನೀರನ್ನೂ ಪ್ರತ್ಯೇಕವಾಗಿ ಹಿಡಿದಿಡಬೇಕು. ಡಬ್ಬ ಕೊನೆಗೆ ಹೋಗಬೇಕಾದದ್ದು ಅಪಾಯಕಾರಿ ತ್ಯಾಜ್ಯ ಪಡೆಯುವ ಪರವಾನಗಿ ಇರುವವರ ಕೈಗೆ. ಯಾರೆಂದು ತಿಳಿಯಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು.

ಒಂದು ಮನೆಯವರು ವರ್ಷಕ್ಕೆ ಎರಡು ಮೂರು ತಗಡು ಕೊರೆದು ಇಷ್ಟನ್ನೆಲ್ಲ ಸರಿಯಾಗಿ ಮಾಡುತ್ತಾರೆಯೇ? ಕೆಲವರು ಮಾಡುತ್ತಾರೆ. ಹತ್ತು ಮನೆಯಲ್ಲಿ ಹತ್ತು ತೊಟ್ಟಿ ಇದ್ದರೆ ಒಂದಾದರೂ ಬಚ್ಚಲಿಗೆ ಹೋಗುತ್ತದೆ ಎಂಬ ಭಯ ನನಗಿದೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಚಿತ್ರ ಬರೆಯುವುದು, ಕೊನೆಯ ಮಡಿಕೆ, ಬೆಸುಗೆ, ಬಣ್ಣ ಇವು ಮನೆಯ ಕೆಲಸವಾಗಲಿ. ಕೊರೆಯುವುದು ಮಾತ್ರ ಒಂದು ಕಡೆ, ಒಂದೇ ತೊಟ್ಟಿಯಲ್ಲಿ, ತಿಳಿದವರ ಕಣ್ಣೆದುರು ನಡೆಯಲಿ. ಹೈಸ್ಕೂಲಿನ ಪ್ರಯೋಗಾಲಯ, ಐಟಿಐ, ಪಾಲಿಟೆಕ್ನಿಕ್ ಯಾವುದಾದರೂ ಆಗಬಹುದು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವಿದೆ. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಸಮೇತ ತರಬೇತಿ ನಡೆಯುತ್ತದೆ. ಬೆಳಕು, ರಸಾಯನ, ಅಳತೆ, ನಕ್ಷೆ ನಾಲ್ಕನ್ನೂ ಒಂದೇ ಮಧ್ಯಾಹ್ನದಲ್ಲಿ ಕಲಿಸುವ ಪ್ರಯೋಗ ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ. ಚಿಪ್ ತಯಾರಿಕೆಯ ಬಗ್ಗೆ ಪತ್ರಿಕೆಯಲ್ಲಿ ಓದುವ ಮಕ್ಕಳು ಅದರ ಮೂಲತತ್ವವನ್ನು ತಮ್ಮ ಕೈಯಾರೆ ಮಾಡಿ ನೋಡಿದಂತೆಯೂ ಆಯಿತು.

ಕೂಡಿ ಕೊರೆಯುವುದರಲ್ಲಿ ಇನ್ನೊಂದು ಲಾಭವಿದೆ. 1:72ರ ಪುಷ್ಪಕ್‌ಗೆ ಬೇಕಾದ ಗಾಲಿಗೂಡಿನ ಬಾಗಿಲು, ಕಾಲಿನ ಕತ್ತರಿಕೊಂಡಿ, ರೆಕ್ಕೆಯಂಚಿನ ಎಲಿವಾನ್ ಮತ್ತು ಬಾಲದ ರಡ್ಡರಿನ ಕೀಲುಗಳು ಎಲ್ಲ ಸೇರಿ ಕೆಲವೇ ಚದರ ಸೆಂಟಿಮೀಟರ್ ಜಾಗ ಹಿಡಿಯುತ್ತವೆ. ಎ4 ಅಳತೆಯ ಒಂದು ತಗಡಿನಲ್ಲಿ ಒಂದು ತರಗತಿಯ ಎಲ್ಲರ ಚಿತ್ರಗಳೂ ಕೂರುತ್ತವೆ: ಒಬ್ಬರ ಪುಷ್ಪಕ್, ಒಬ್ಬರ ಮಾರುತ್, ಇನ್ನೊಬ್ಬರ ರೈಲು ಬೋಗಿಯ ಕಿಟಕಿ, ಮತ್ತೊಬ್ಬರ ಮಗ್ಗದ ಹಣಿಗೆ. ಹಣಿಗೆಯ ಹಲ್ಲುಗಳು ತಗಡಿನ ದಪ್ಪಕ್ಕಿಂತ ಸಪೂರ ಆಗದ ಹಾಗೆ ಪ್ರಮಾಣ ಆರಿಸಿಕೊಳ್ಳಬೇಕು. 1:12ರಲ್ಲಿ ಬರೆದು, ಹಲ್ಲುಗಳ ಎಣಿಕೆ ಕಡಿಮೆ ಮಾಡಿಕೊಂಡರೆ 0.2 ಮಿಲಿಮೀಟರ್ ಹಿತ್ತಾಳೆಯಲ್ಲಿ ಅದು ಬರುತ್ತದೆ.